ಲಿಂಗಸುಗೂರಾಕಿಯ ಸಿಳ್ಳೆ

ಕೊತ್ತಂಬರಿ ತಂದ ಪ್ಲಾಸ್ಟಿಕ್ ಚೀಲಕ್ಕೆ ನಮ್ಮ ಮನೆಯಲ್ಲಿರುವ ಮರ್ಯಾದೆ ನನಗಿಲ್ಲ. ದಿನವಿಡೀ ಕಬ್ಬಿಣ ಕೊರೆದು, ಕಾಯಿಸಿ, ಬೆಸೆದು, ಕಣ್ಣ ತುಂಬ ಕಿಡಿಯ ಚುಕ್ಕೆಗಳನ್ನು ಹೊತ್ತುಕೊಂಡು ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟರೆ ಒಂದು ಜೀವವೂ ತಲೆ ಎತ್ತಿ ನೋಡುವುದಿಲ್ಲ. ಅದೇ ನನ್ನ ಕೈಯೊಳಗಿನ ಚೀಲ ಒಂದಿಷ್ಟು ಚರಪರ ಎಂದಿತೋ, ಪಡಸಾಲೆಯ ಮೂಲೆಯಿಂದ ಮೂರು ಕಂಠಗಳು ಏಕಕಾಲಕ್ಕೆ ಸಿಳ್ಳೆ ಹೊಡೆಯುತ್ತವೆ. ಅದು ಸಾಮಾನ್ಯ ಸಿಳ್ಳೆಯಲ್ಲ, ಟೂರಿಂಗ್ ಟಾಕೀಸಿನ ಮುಂದಿನ ಸಾಲಿನ ಸಿಳ್ಳೆ. ಚೀಲದಲ್ಲಿ ಕೊತ್ತಂಬರಿಯ ಬದಲು ಬರೀ ಮೊಳೆಗಳಿದ್ದರೂ ಹೊಡೆಯುತ್ತವೆ. ಒಳಗೇನಿದೆಯೆಂದು ಕೇಳದೆ ಬರೀ ಸದ್ದಿಗೆ ಸಿಳ್ಳೆ ಹೊಡೆಯುವ ಅಭ್ಯಾಸ ಮನುಷ್ಯರಲ್ಲೂ ಉಂಟಲ್ಲ ಎಂದು ನೀವು ಹೇಳುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚುನಾವಣೆಯ ಕಾಲದಲ್ಲಿ ಸಿಂಧನೂರಿನ ಸಭೆಗಳಿಗೆ ನಾನೂ ಹೋಗಿ ಬಂದವನೇ.

ಈ ಮೂವರೂ ಗಿನಿ ಪಿಗ್ಗುಗಳು. ನೋಡದವರ ಸಲುವಾಗಿ ಹೇಳುತ್ತೇನೆ: ಮೊಲದ ಕಿವಿಯನ್ನೂ ಇಲಿಯ ಬಾಲವನ್ನೂ ಯಾರೋ ಕತ್ತರಿಸಿಕೊಂಡು ಹೋದ ಮೇಲೆ ಉಳಿದ ಭಾಗಕ್ಕೆ ಜೀವ ಬಂದರೆ ಹೇಗಿರುತ್ತದೋ ಹಾಗಿರುತ್ತವೆ. ಹೆಸರಿನಲ್ಲಿ ಹಂದಿಯಿದೆ, ಮೈಯಲ್ಲಿಲ್ಲ. ಲಿಂಗಸುಗೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಪ್ರಾಣಿಶಾಸ್ತ್ರ ಓದಿ ಬರುವ ನನ್ನ ಮಗಳು ರೇಣುಕಾ ಸಾಕಿದವು. ಕಪ್ಪು ಬಿಳುಪಿನ ಹಿರಿಯಳು ಗೌಡ್ತಿ, ಸಜ್ಜೆಯ ಬಣ್ಣದವಳು ಸಜ್ಜಿ, ಬೆಳ್ಳಗಿರುವವಳು ಬೆಣ್ಣಿ. ಹೆಸರಿಟ್ಟವಳು ನನ್ನ ಹೆಂಡತಿ ಶರಣಮ್ಮ. ಗೌಡ್ತಿ ತಿಂದು ಬಿಟ್ಟದ್ದನ್ನು ಸಜ್ಜಿ ತಿನ್ನಬೇಕು, ಸಜ್ಜಿ ಬಿಟ್ಟದ್ದನ್ನು ಬೆಣ್ಣಿ. ಒಟ್ಟಿನಲ್ಲಿ ಬಹಳ ಶಿಸ್ತಿನ ಸಂಸಾರ. ನಮ್ಮ ಬಡಾವಣೆಯ ಹಿರಿಯರೊಬ್ಬರು ಒಮ್ಮೆ ಇವುಗಳನ್ನು ನೋಡಿ ಕುರಿ ಕಾಯುವ ಮನೆತನದವನು ಇಲಿ ಕಾಯುವ ಮಟ್ಟಕ್ಕೆ ಬಂದನಲ್ಲ ಎಂದು ನಕ್ಕರು. "ಹೌದ್ರಿ, ಕಾಯಾಕತ್ತೀನಿ," ಅಂದೆ. "ನೀವು ಏನು ಕಾಯಾಕತ್ತೀರಿ?" ಅವರು ಪಿಂಚಣಿ ಕಾಯುತ್ತಿದ್ದರು.

ನಾನು ಓದಿದ್ದು ಏಳನೆಯ ತರಗತಿಯ ಅರ್ಧದವರೆಗೆ. ಇದನ್ನು ತಗ್ಗಿದ ದನಿಯಲ್ಲಿ ಹೇಳುವವರುಂಟು. ನಾನು ಅಂಗಡಿಯ ಬೋರ್ಡಿನಷ್ಟೇ ದಪ್ಪ ಅಕ್ಷರದಲ್ಲಿ ಹೇಳುತ್ತೇನೆ. ನಾನು ಬಿಟ್ಟದ್ದು ಶಾಲೆಯನ್ನು, ಓದನ್ನಲ್ಲ. ವೆಲ್ಡಿಂಗ್ ಅಂಗಡಿಗೆ ಸಾಮಾನು ಸುತ್ತಿಕೊಂಡು ಬಂದ ಒಂದು ಕಾಗದವೂ ನನ್ನ ಕಣ್ಣಿನಡಿ ಹಾಯದೆ ಕಸಕ್ಕೆ ಹೋಗಿಲ್ಲ. ಅರ್ಧರ್ಧ ಹರಿದ ಲೇಖನಗಳನ್ನೇ ಓದಿ ಬೆಳೆದದ್ದರಿಂದ ಎಷ್ಟೋ ವಿಷಯಗಳ ಆರಂಭ ಮಾತ್ರ ನನಗೆ ಗೊತ್ತು, ಅಂತ್ಯ ಗೊತ್ತಿಲ್ಲ. ಈ ದೋಷ ಮುಂದೆ ಬರುವ ಪ್ರಸಂಗದಲ್ಲಿಯೂ ಕಾಣುತ್ತದೆ, ಈಗಲೇ ಎಚ್ಚರಿಸಿದ್ದೇನೆ.

ರೇಣುಕಾಳ ಕಾಲೇಜಿನ ಮೇಡಂ ಒಬ್ಬರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಅವರ ಬಳಿಯೂ ಒಂದು ಗಿನಿ ಪಿಗ್ ಇತ್ತು, ಬಾದಾಮಿ ಬಣ್ಣದ್ದು. ಮೂರು ವರ್ಷ ಚಪ್ಪಲಿ ಕಪಾಟಿನಷ್ಟೇ ದೊಡ್ಡ ಗೂಡಿನಲ್ಲಿ ತನ್ನ ಜಾತಿಯ ಇನ್ನೊಂದು ಮುಖ ನೋಡದೆ ಬೆಳೆದಿತ್ತು. ಮಗಳು ತರೋಣವೆಂದಳು; ತರಲು ನಾನೇ ಜೊತೆಗೆ ಹೋದೆ. ಮೇಡಂ ಒಳ್ಳೆಯವರು, ಚಹಾ ಕೊಟ್ಟರು, ಕನ್ನಡಕ ಒರೆಸಿಕೊಂಡರು, ಆಮೇಲೆ ಒಂದು ಮಾತು ಹೇಳಿದರು.

"ಇದು ಒಂಟಿಯಾಗೇ ಬೆಳದದ್ದರೀ. ಇದಕ್ಕ ಗುಂಪು ಆಗಿಬರಂಗಿಲ್ಲ. ಒಂದು ತಿಂಗಳು ನೋಡ್ರಿ, ಆಗಲಿಲ್ಲಂದ್ರ ಫೋನ್ ಮಾಡ್ರಿ, ತರಿಸ್ಕೊಂತೀನಿ. ಒಂಟಿಯಾಗೇ ಇರ್ಲಿ ಪಾಪ."

ಮಾತು ಗಿನಿ ಪಿಗ್ಗಿನ ಬಗ್ಗೆ. ಆದರೆ ಅದು ನನ್ನ ಎದೆಗೆ ಯಾಕೆ ನಾಟಿತೋ, ಚಹಾದ ಕಪ್ಪನ್ನು ಅರ್ಧಕ್ಕೇ ಇಟ್ಟೆ. "ಮೇಡಂ, ಹಂಗ ಯಾರ ಹಣ್ಯಾಗೂ ಬರೆದಿರಂಗಿಲ್ಲರಿ. ನಾ ಕೂಡಸ್ತೀನಿ," ಎಂದುಬಿಟ್ಟೆ. ರೇಣುಕಾ ನನ್ನ ಅಂಗಿಯ ತುದಿ ಹಿಡಿದು ಜಗ್ಗಿದಳು. ಜಗ್ಗಿದರೆ ನಿಲ್ಲುವ ಗಾಡಿ ನಾನಲ್ಲ.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆವು. ಕಂಡಕ್ಟರ್ ಬಗ್ಗಿ ನೋಡಿ ಇದು ಯಾವ ಇಲಾಖೆಗೆ ಸೇರಿದ್ದು ಎಂಬಂತೆ ಬಹಳ ಹೊತ್ತು ಯೋಚಿಸಿದ. ಮಸ್ಕಿಯಲ್ಲಿ ಹತ್ತಿದ ಹೆಣ್ಣುಮಗಳೊಬ್ಬಳು ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡು ಪಕ್ಕದಲ್ಲಿ ಕುಳಿತಳು. ಕೋಳಿ ಪೆಟ್ಟಿಗೆಯನ್ನು ನೋಡಿತು, ಪೆಟ್ಟಿಗೆಯೊಳಗಿನದು ಕೋಳಿಯನ್ನು ನೋಡಿತು, ಸಿಂಧನೂರಿನವರೆಗೂ ಇಬ್ಬರೂ ಒಂದು ಮಾತಾಡಲಿಲ್ಲ. ಆಮೇಲೆ ಗೊತ್ತಾಯಿತು, ಅದು ಯಾರ ಮುಂದೆಯೂ ಮಾತಾಡುವುದಿಲ್ಲ. ಸೋಂಕಿದ್ದೀತೆಂದು ಪಶುವೈದ್ಯರ ಮಾತಿನಂತೆ ಎರಡು ವಾರ ಬೇರೆ ಕೋಣೆಯಲ್ಲಿಟ್ಟೆವು. ಆ ಎರಡು ವಾರವೂ ನಾನು ಕೊತ್ತಂಬರಿ ಚೀಲವನ್ನು ಅದರ ಮುಂದೆ ಡೊಳ್ಳಿನಂತೆ ಬಾರಿಸಿದೆ. ಪಡಸಾಲೆಯ ಮೂವರು ಬಾಯಿ ಬಡಿದುಕೊಂಡರೇ ಹೊರತು ಇದರ ಗಂಟಲಿನಿಂದ ಎಳೆಯಷ್ಟು ಸದ್ದು ಬರಲಿಲ್ಲ. ಕೇಳುವವರು ಯಾರೂ ಇಲ್ಲದ ಮನೆಯಲ್ಲಿ ಮೂರು ವರ್ಷ ಇದ್ದದ್ದು ಸಿಳ್ಳೆಯನ್ನೇ ಮರೆತಿರಬೇಕು. ಅದಕ್ಕೆ ಮೇಡಂ ಇಟ್ಟ ಇಂಗ್ಲಿಷ್ ಹೆಸರೊಂದಿತ್ತು. ಶರಣಮ್ಮ ಅದನ್ನು ತಿರುಗಿಸಿಯೂ ನೋಡದೆ, ಬೇರೆ ಊರಿಂದ ಬಂದ ಸೊಸೆಯನ್ನು ಕರೆಯುವಂತೆ, 'ಲಿಂಗಸುಗೂರಾಕಿ' ಎಂದು ಕರೆದಳು. ಅದೇ ಉಳಿಯಿತು. ನನಗೂ ಸಿಂಧನೂರಿನಲ್ಲಿ ಹತ್ತು ವರ್ಷ ಹುಟ್ಟೂರಿನ ಮೇಲಿಂದ 'ಪಾಮನಕಲ್ಲೂರಾಂವ' ಎಂದೇ ಹೆಸರಿತ್ತು.

ಇನ್ನು ಕೂಡಿಸುವ ಕೆಲಸ. ರೇಣುಕಾ ಮೊಬೈಲಿನಲ್ಲಿ ಹುಡುಕಿ ಒಂದು ಉಪಾಯ ಕಂಡುಹಿಡಿದಳು: ನಾಲ್ಕನ್ನೂ ಒಂದೇ ಸೋಪಿನಲ್ಲಿ ಮೀಯಿಸಿದರೆ ಹೊಸತರ ವಾಸನೆ ಹೋಗಿ ಎಲ್ಲವೂ ಒಂದೇ ವಾಸನೆಯಾಗುತ್ತವೆ, ಆಗ ಜಗಳವಿಲ್ಲ. ನಾನು ಒಂದೇ ಮಾತಿನಲ್ಲಿ ಮುಗಿಸಿದೆ: "ಸೋಪು ಹಚ್ಚಂಗಿಲ್ಲ." ಯಾಕೆಂದಳು. ಹೇಳಲಿಲ್ಲ. ಈಗ ನಿಮಗೆ ಹೇಳುತ್ತೇನೆ.

ಏಳನೆಯ ತರಗತಿಗೆ ನನ್ನನ್ನು ಲಿಂಗಸುಗೂರಿನ ಒಂದು ವಸತಿನಿಲಯಕ್ಕೆ ಬಿಟ್ಟಿದ್ದರು. ಅಪ್ಪ ತನ್ನ ಕಂಬಳಿಯನ್ನು ಮಡಚಿ ಟ್ರಂಕಿನ ಮೇಲಿಟ್ಟು ಹೋಗಿದ್ದ. ಅಲ್ಲಿ ಹಳೆಯ ಹುಡುಗರ ಸಾಲೊಂದಿತ್ತು. ಊಟಕ್ಕೂ ಅದೇ ಸಾಲು, ಹಾಸಿಗೆಗೂ ಅದೇ ಸಾಲು. ಹೊಸಬ ಬಂದರೆ ಬಾವಿಯ ಹತ್ತಿರ ಕೂರಿಸಿ ಸೋಪು ತಿಕ್ಕುವ ಪದ್ಧತಿ. ಉಳಿದವರಿಗೆ ಒಂದು ಸಲ ತಿಕ್ಕಿದರೆ ನನಗೆ ಮೂರು ಸಲ, ಕುರಿ ವಾಸನೆ ಎಂದು. ಚರ್ಮ ಉರಿಯಿತು, ಅದಕ್ಕೇನಿಲ್ಲ. ಮೇಲ್ವಿಚಾರಕರು ಬಂದರೆ ಬಿಡಿಸಿಯಾರೆಂದು ಕಾದೆ. ಅವರು ಬಂದು ಮೂಗು ಹಿಡಿದು, ಆ ಕಂಬಳಿಯನ್ನು ಹೊರಗಿಡು ಎಂದರು. ಹೊರಗಿಟ್ಟೆ. ಆರು ತಿಂಗಳು ಅದು ಕಟ್ಟೆಯ ಮೇಲೆ, ನಾನು ಸಾಲಿನ ಕೊನೆಯಲ್ಲಿ. ಒಂದು ಮುಂಜಾನೆ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಮಸ್ಕಿಯ ಬಸ್ಸು ಹತ್ತಿ, ಅಲ್ಲಿಂದ ಪಾಮನಕಲ್ಲೂರಿಗೆ ಹೋಗಿಬಿಟ್ಟೆ. ಓದು ತಲೆಗೆ ಹತ್ತಲಿಲ್ಲವೆಂದು ಊರವರು ತಿಳಿದುಕೊಂಡರು. ತಿಳಿಯಲಿ. ಗಣಿತದಲ್ಲಿ ಆ ಸಾಲಿಗೆಲ್ಲ ನಾನೇ ಮುಂದಿದ್ದೆ. ತಿಕ್ಕಿದರೆ ಮಾತ್ರ ಒಳಗೆ ಬರಬಹುದಾದ ಜಾಗಕ್ಕೆ ನಾನು ಬರುವುದಿಲ್ಲ ಎಂದು ಹನ್ನೆರಡನೆಯ ವಯಸ್ಸಿಗೆ ನಿರ್ಧರಿಸಿದ್ದೆ, ಇಂದಿಗೂ ಆ ನಿರ್ಧಾರವನ್ನು ಹಿಂದೆ ತೆಗೆದುಕೊಂಡಿಲ್ಲ.

ಹೀಗಾಗಿ ನಮ್ಮ ಬಡಾವಣೆಯ ಉದ್ಯಾನದಲ್ಲಿಯೂ ನಾನು ಒಂಟಿಯೇ. ಬೆಳಿಗ್ಗೆ ಅಲ್ಲಿ ಒಂದು ಗುಂಪು ವಾಯುವಿಹಾರ ಮಾಡುತ್ತದೆ: ಬ್ಯಾಂಕಿನವರು, ಮೇಷ್ಟ್ರುಗಳು, ಒಬ್ಬ ಇಂಜಿನಿಯರು. ಉದ್ಯಾನದ ಗೇಟನ್ನು ಮಾಡಿದವನು ನಾನು. ಅದರೊಳಗೆ ಅವರ ಜೊತೆ ನಡೆಯಲು ಹೋದ ಮೊದಲ ದಿನ ಒಬ್ಬರು, ಗೇಟು ಕಿರುಗುಡುತ್ತಿದೆ, ಎಣ್ಣೆ ಹಾಕಿ ಎಂದರು. ಎಣ್ಣೆ ಹಾಕಿದೆ. ಮರುದಿನದಿಂದ ಅವರು ಬಲಗಡೆಯಿಂದ ಸುತ್ತಿದರೆ ನಾನು ಎಡಗಡೆಯಿಂದ ಸುತ್ತುತ್ತೇನೆ. ಇದರಲ್ಲಿ ಒಂದು ಲಾಭವಿದೆ, ನೀವೂ ಯೋಚಿಸಿ ನೋಡಿ. ಗುಂಪಿನಲ್ಲಿ ನಡೆಯುವವರಿಗೆ ಇಡೀ ಹೊತ್ತು ಕಾಣುವುದು ಮುಂದಿನವರ ಬೆನ್ನು. ನನಗೆ ಪ್ರತಿ ಸುತ್ತಿಗೆ ಎರಡು ಸಲ ಎಲ್ಲರ ಮುಖ ಕಾಣುತ್ತದೆ, ಅವರೆಲ್ಲರಿಗೂ ನನ್ನದು ಕಾಣಲೇಬೇಕಾಗುತ್ತದೆ.

ಸೋಪನ್ನು ತಳ್ಳಿಹಾಕಿದ ಮೇಲೆ ನನ್ನದೇ ಒಂದು ಶಾಸ್ತ್ರವನ್ನು ಹೊರತೆಗೆದೆ. ಶಾಲೆ ಬಿಟ್ಟ ಮೇಲೆ ಎರಡು ವರ್ಷ ಅಪ್ಪನ ಕುರಿಮಂದೆಯ ಹಿಂದೆ ತಿರುಗಿದ್ದೆನಲ್ಲ, ಆಗ ಕಂಡದ್ದು: ಸಂತೆಯಿಂದ ತಂದ ಹೊಸ ಕುರಿಯೊಂದಕ್ಕೆ ಅಪ್ಪ ತನ್ನ ಕಂಬಳಿಯನ್ನು ಹೊದಿಸಿದ್ದ, ಮಾರನೆಯ ದಿನ ಅದು ಮಂದೆಯೊಡನೆ ಕೂಡಿ ಮೇಯುತ್ತಿತ್ತು. ಮಂದೆಯ ವಾಸನೆಯೆಲ್ಲ ಇಂಗಿದ ಕಂಬಳಿ. ಹೊದಿಸಿದರೆ ಹೊಸದಕ್ಕೂ ಆ ವಾಸನೆ ಬರುತ್ತದೆ. ಇದ್ದದ್ದನ್ನು ತೊಳೆಯದೆ ಇಲ್ಲದ್ದನ್ನು ಸೇರಿಸುವುದು, ಎಂತಹ ಸಂಸ್ಕೃತಿ ಎಂದು ಈ ವಿಷಯದ ಮೇಲೆ ಜೀವಮಾನದಲ್ಲಿ ಹತ್ತು ಮಂದಿಯ ಮುಂದೆ ಭಾಷಣ ಮಾಡಿದ್ದೇನೆ. ಟ್ರಂಕಿನಿಂದ ಅದೇ ಕಂಬಳಿಯನ್ನು ತೆಗೆದು ಮೂರು ದಿನ ಗೌಡ್ತಿಯ ಪರಿವಾರಕ್ಕೆ ಹಾಸಿದೆ. ನಾಲ್ಕನೆಯ ದಿನ ಅದರಲ್ಲಿ ಲಿಂಗಸುಗೂರಾಕಿಯನ್ನು ಸುತ್ತಿ, ಮಗಳು ಬೇಡವೆನ್ನುತ್ತಿದ್ದರೂ ಕೇಳದೆ, ನೇರವಾಗಿ ಅವುಗಳ ಗೂಡಿನೊಳಗೆ ಬಿಟ್ಟೆ.

ಗೌಡ್ತಿ ಮೂಗೆತ್ತಿ ನಿಂತಳು. ಹಲ್ಲು ಕಟಕಟ ಕಡಿದಳು. ನಾನು ಶರಣಮ್ಮನಿಗೆ, ನೋಡು, ಮಾತಾಡಿಸುತ್ತಿದ್ದಾಳೆ ಎಂದೆ. ಮುಂದಿನದನ್ನು ವರ್ಣಿಸಲು ನನಗೆ ಮನಸ್ಸಿಲ್ಲ. ಕೈ ಹಾಕಿ ಬಿಡಿಸುವಷ್ಟರಲ್ಲಿ ಲಿಂಗಸುಗೂರಾಕಿಯ ಕಿವಿ ಹರಿದು ಕಂಬಳಿಯ ಮೇಲೆ ರಕ್ತದ ಹನಿ ಬಿದ್ದಿತ್ತು. ನನ್ನ ಬೆರಳಿಗೂ ಒಂದು ಕಚ್ಚು ಸಿಕ್ಕಿತು, ಸಿಗಬೇಕಾದ್ದೇ.

ಆ ದಿನದಿಂದ ಲಿಂಗಸುಗೂರಾಕಿ ಊಟ ಬಿಟ್ಟಳು. ಈ ಜಾತಿಯದು ಎರಡು ದಿನ ತಿನ್ನದಿದ್ದರೆ ಉಳಿಯುವುದು ಕಷ್ಟ ಎಂದರು ವೈದ್ಯರು. ರೇಣುಕಾ ಕಾಲೇಜಿಗೆ ರಜೆ ಹಾಕಿ, ಸೂಜಿ ತೆಗೆದ ಸಿರಿಂಜಿನಿಂದ ಅರೆದ ಸೊಪ್ಪನ್ನು ಹನಿಹನಿಯಾಗಿ ಅದರ ಬಾಯಿಗೆ ಬಿಡುತ್ತ ಕುಳಿತಳು. ನನ್ನ ಕಡೆ ನೋಡದೆ ಒಂದೇ ಮಾತು ಹೇಳಿದಳು: "ಅಪ್ಪಾ, ನಿನಗ ಅದು ಕೂಡೋದು ಬೇಕಾಗಿಲ್ಲ. ನೀ ಗೆಲ್ಲೋದು ಬೇಕಾಗೈತಿ. ಇನ್ನೊಮ್ಮೆ ಹಿಂಗಾದ್ರ ಮೇಡಂಗ ಫೋನ್ ಮಾಡ್ತೀನಿ."

ಕಬ್ಬಿಣದ ಕಿಡಿ ಕೈಯ ಮೇಲೆ ಬಿದ್ದರೆ ನಾನು ಅಲುಗುವವನಲ್ಲ. ಅಂದು ಅಂಗಡಿಯಲ್ಲಿ ಮೂರು ಸಲ ಅಳತೆ ತಪ್ಪಿತು.

ಭತ್ತದ ಕೊಯ್ಲು ಮುಗಿದ ಕಾಲ. ನಮ್ಮ ಊರಿನ ಮಂದೆಗಳು ಈ ಹೊತ್ತಿಗೆ ಕಾಲುವೆ ಸೀಮೆಗೆ ಇಳಿದು, ಗೊಬ್ಬರಕ್ಕೆಂದು ಒಬ್ಬೊಬ್ಬ ರೈತನ ಹೊಲದಲ್ಲಿ ಕೆಲವು ದಿನ ತಂಗುತ್ತವೆ. ನನ್ನ ಸೋದರಮಾವ ದುರಗಪ್ಪನ ಮಂದೆ ತುರ್ವಿಹಾಳದ ಹತ್ತಿರವಿತ್ತು. ಮರುದಿನ ಬೆಳಿಗ್ಗೆ ಬೈಕಿನಲ್ಲಿ ಹೋದೆ. ಕಂಬಳಿಯ ಶಾಸ್ತ್ರ ಎಲ್ಲಿ ತಪ್ಪಿತೆಂದು ಕೇಳಲು ಹೋದವನು ನಾನು. ಶಾಸ್ತ್ರ ಸರಿಯಿಲ್ಲವೆಂಬ ಸಂಶಯ ಅಣುವಿನಷ್ಟೂ ಇರಲಿಲ್ಲ. ಮಾವ ಪೂರ್ತಿ ಕೇಳಿದ. ಎಲೆ ಅಡಿಕೆಯನ್ನು ಉಗಿದು ಬಂದು ನಿಧಾನವಾಗಿ ನಕ್ಕ.

"ಲೇ, ಅವತ್ತ ಆ ಕುರಿಗೆ ಜ್ವರ ಬಂದಿತ್ತಲೇ. ಚಳಿಗೆ ನಡಗಾಕತ್ತಿತ್ತು ಅಂತ ನಿಮ್ಮಪ್ಪ ಕಂಬಳಿ ಹಾಕಿದ್ದ. ಅದನ್ನ ನೀ ದೊಡ್ಡ ವಿದ್ಯಾ ಮಾಡ್ಕೊಂಡು ಕುಂತಿಯಾ?"

ಮೂವತ್ತು ವರ್ಷ ಹತ್ತು ಮಂದಿಯ ಮುಂದೆ ಮಾಡಿದ ಭಾಷಣಗಳು ಒಂದೊಂದಾಗಿ ಎದ್ದು ಬಂದು ನನ್ನೆದುರು ನಿಂತವು. ಮತ್ತೆ ಹೊಸ ಕುರಿ ಮಂದೆಗೆ ಕೂಡಿದ್ದು ಹೇಗೆ ಎಂದೆ. ಮಾವ ಕೊಯ್ದ ಗದ್ದೆಯ ಕಡೆ ಕೈ ಚಾಚಿದ.

"ಹಳೇ ಹಟ್ಟ್ಯಾಗ ಹೊಸಾದನ್ನ ಬಿಡತಾರೇನು? ಅದು ಅವುಗಳ ಮನಿ. ಹೊಸ ಕುರಿ ಬಂದ ದಿನ ನಾವು ಹಟ್ಟಿ ಕಿತ್ತು ಬ್ಯಾರೆ ಹೊಲಕ್ಕ ಹೋಗತೀವಿ. ಯಾವುದಕ್ಕೂ ಗುರುತಿಲ್ಲದ ಹೊಲ. ಅಲ್ಲಿ ಎಲ್ಲಾವೂ ಹೊಸವ. ಯಾವುದು ಯಾವುದಕ್ಕ ಜೋರು ಮಾಡಬೇಕು?"

ಶಾಲೆಯನ್ನು ಅರ್ಧಕ್ಕೆ ಬಿಟ್ಟವನೆಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದವನಿಗೆ ಮಂದೆಯನ್ನೂ ಅರ್ಧಕ್ಕೇ ಬಿಟ್ಟಿದ್ದೇನೆಂಬುದು ಅಂದು ತಿಳಿಯಿತು. ಕಂಬಳಿಯನ್ನು ನೋಡಿದ್ದೆ, ಹೊಲವನ್ನು ನೋಡಿರಲಿಲ್ಲ. ಬರುವಾಗ ಬೈಕನ್ನು ಕಾಲುವೆಯ ದಂಡೆಗೆ ನಿಲ್ಲಿಸಿ ಮುಖ ತೊಳೆದುಕೊಂಡೆ. ಈ ನೀರು ಬಂದ ಮೇಲೆ ಈ ಸೀಮೆಗೆ ಎಲ್ಲೆಲ್ಲಿಂದಲೋ ಜನ ಬಂದರು. ತೆಲುಗಿನವರು ಬಂದು ಕ್ಯಾಂಪು ಎಂಬ ಹೊಸ ಊರುಗಳನ್ನು ಕಟ್ಟಿದರು, ಮಳೆಯ ಹೊಲ ಬಿಟ್ಟು ನಮ್ಮಂಥವರು ಬಂದೆವು. ಜೋಳದ ರೊಟ್ಟಿಯವರು ಜೋಳದ ರೊಟ್ಟಿಯವರಾಗಿಯೇ, ಅನ್ನದವರು ಅನ್ನದವರಾಗಿಯೇ ಒಂದೇ ನೀರಿನಲ್ಲಿ ಕೈ ತೊಳೆದೆವು. ಜಗಳವಾಗಲಿಲ್ಲವೆಂದಲ್ಲ. ಆದರೆ ನೀರಿಗೆ ಎಲ್ಲರೂ ಹೊಸಬರಾಗಿದ್ದರಿಂದ ಯಾರನ್ನು ಯಾರು ಬಾವಿಯ ಹತ್ತಿರ ಕೂರಿಸಿ ತಿಕ್ಕಬೇಕೆಂಬುದು ತೀರ್ಮಾನವಾಗಲಿಲ್ಲ. ಲಿಂಗಸುಗೂರಿನ ಆ ಸಾಲನ್ನು ಅದರ ಕೋಣೆಯಿಂದ ಎಬ್ಬಿಸಿ ನಾಲ್ಕು ದಿನ ಬೇರೆ ಊರಿನಲ್ಲಿ ಮಲಗಿಸಿದ್ದರೆ ನಾನು ಎಸ್ಸೆಸ್ಸೆಲ್ಸಿ ಮುಗಿಸುತ್ತಿದ್ದೆನೋ ಏನೋ. ಮುಗಿಸಿದ್ದರೆ ವೆಲ್ಡಿಂಗ್ ಕಲಿಯುತ್ತಿರಲಿಲ್ಲ. ಆದ್ದರಿಂದ ಆ ದುಃಖವನ್ನು ಅಲ್ಲಿಗೇ ಬಿಟ್ಟೆ.

ಮನೆಗೆ ಬಂದು ಮೊದಲು ಮಗಳ ಮುಂದೆ ತಪ್ಪೊಪ್ಪಿಕೊಂಡೆ. ಜ್ವರದ ಕುರಿಯ ಕಥೆ ಕೇಳಿ ಶರಣಮ್ಮ ಒಲೆಯ ಮುಂದೆಯೇ ಕುಸಿದು ಕುಳಿತು ನಕ್ಕಳು. ರೇಣುಕಾ ನಗಲಿಲ್ಲ, ಆದರೆ ಹೊಸ ಜಾಗದಲ್ಲಿ ಬಿಡಬೇಕೆಂದು ಮೊಬೈಲಿನಲ್ಲಿಯೂ ಬರೆದಿದೆ, ನಾನು ಹೇಳಲು ಬಂದಾಗ ನೀನು ಕೇಳಲಿಲ್ಲ ಎಂದಳು. ಕೇಳಿರಲಿಲ್ಲ, ನಿಜ. ಆಮೇಲೆ ಇಬ್ಬರೂ ಕೂತು ನಕ್ಷೆ ಹಾಕಿದೆವು.

ನಮ್ಮ ಮನೆಗೆ ಕಾರಿಲ್ಲ, ಕಾರು ನಿಲ್ಲಿಸುವ ಜಾಗವಿದೆ. ಬಡಾವಣೆಯಲ್ಲಿ ಎಲ್ಲರಿಗೂ ಇತ್ತೆಂದು ಹಟಕ್ಕೆ ಕಟ್ಟಿಸಿದ್ದು. ಆ ಜಾಗಕ್ಕೆ ಕೊನೆಗೂ ಒಂದು ಕಸುಬು ಸಿಕ್ಕಿತು. ಎರಡು ದಿನ ಅಂಗಡಿಯ ಬೇರೆ ಕೆಲಸಗಳನ್ನು ಬದಿಗಿಟ್ಟು, ಮಂಚದ ಎರಡರಷ್ಟು ಅಗಲದ ಹೊಸ ಗೂಡು ಮಾಡಿದೆ. ಒಳಗೆ ಅಡಗಲು ನಾಲ್ಕು ಪುಟ್ಟ ಮನೆಗಳು, ಪ್ರತಿಯೊಂದಕ್ಕೂ ಎರಡು ಬಾಗಿಲು. ಇದು ರೇಣುಕಾಳ ಮಾತು: ಒಂದೇ ಬಾಗಿಲಿದ್ದರೆ ದೊಡ್ಡವಳು ಅಡ್ಡ ನಿಂತು ಸಣ್ಣವಳನ್ನು ಮೂಲೆಗೆ ಒತ್ತುತ್ತಾಳಂತೆ. ಇಷ್ಟು ವರ್ಷ ಎಷ್ಟೋ ಮನೆಗಳಿಗೆ ಬಾಗಿಲು ಮಾಡಿಕೊಟ್ಟವನಿಗೆ ಬಾಗಿಲಿನ ಇಷ್ಟು ದೊಡ್ಡ ಉಪಯೋಗ ಹೊಳೆದಿರಲಿಲ್ಲ. ಗೊರೇಬಾಳದಿಂದ ಹೊಸ ಭತ್ತದ ಹುಲ್ಲು ತಂದು ದಪ್ಪಗೆ ಹಾಸಿದೆ, ನಾಲ್ವರಲ್ಲಿ ಒಬ್ಬರೂ ಮೂಸಿರದ ಹುಲ್ಲು. ಅಷ್ಟರಲ್ಲಿ ಲಿಂಗಸುಗೂರಾಕಿ ಸಿರಿಂಜನ್ನು ಬಿಟ್ಟು ತಾನೇ ಕರಿಕೆ ಹುಲ್ಲಿನ ಎಸಳನ್ನು ಕಡಿಯುವಷ್ಟು ಚೇತರಿಸಿಕೊಂಡಿದ್ದಳು, ಹರಿದ ಕಿವಿ ಒಣಗಿತ್ತು. ಮೇಡಂ ಕೊಟ್ಟ ತಿಂಗಳಿನಲ್ಲಿ ಉಳಿದದ್ದು ಒಂದು ವಾರ.

ಭಾನುವಾರ ಬೆಳಿಗ್ಗೆ ಮೊದಲು ಆಕೆಯನ್ನು, ಆಮೇಲೆ ಮೂವರನ್ನು ಬಿಟ್ಟೆವು. ಗೌಡ್ತಿ ಮೂಗೆತ್ತಿದಳು. ರೇಣುಕಾ ಕೈಗೆ ಟವೆಲ್ ಸುತ್ತಿಕೊಂಡು ಸಿದ್ಧಳಾದಳು. ಗೌಡ್ತಿ ಹಲ್ಲು ಕಡಿಯಲು ಶುರುಮಾಡಿದವಳು, ಇದ್ದಕ್ಕಿದ್ದಂತೆ ತಾನೆಲ್ಲಿದ್ದೇನೆಂದು ಸಂಶಯ ಬಂದವಳಂತೆ ಸುತ್ತ ನೋಡಿದಳು. ತನ್ನ ಮೂಲೆ ಇಲ್ಲ, ತನ್ನ ತಟ್ಟೆ ಇಲ್ಲ, ತನ್ನದೆನ್ನುವ ವಾಸನೆ ಇಲ್ಲ. ಅಧಿಕಾರ ಹೋದ ಮರುದಿನ ಕಚೇರಿಗೆ ಬಂದವರ ಮುಖವನ್ನು ನೀವು ನೋಡಿರಬಹುದು. ಒಂದು ಸಲ ಅಟ್ಟಿಸಿಕೊಂಡು ಹೋದಳು. ಲಿಂಗಸುಗೂರಾಕಿ ಒಂದು ಬಾಗಿಲಿನಿಂದ ಒಳಹೊಕ್ಕು ಇನ್ನೊಂದರಿಂದ ಹೊರಬಂದು, ಹಿಂದೆ ತಿರುಗಿ ನಿಂತು, ತಾನೂ ಹಲ್ಲು ಕಡಿದಳು. ಸಣ್ಣ ಸದ್ದು. ನನಗೆ ಶಂಖನಾದದಂತೆ ಕೇಳಿಸಿತು. ಅರ್ಧ ದಿನ ಹೀಗೇ ಅಟ್ಟುವುದು, ಗುರುಗುಡುವುದು, ದೂರ ಕೂರುವುದು ನಡೆಯಿತು, ರಕ್ತ ಬರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ನಾಲ್ವರೂ ಹುಲ್ಲಿನ ಒಂದೇ ರಾಶಿಯನ್ನು ನಾಲ್ಕು ದಿಕ್ಕಿನಿಂದ ತಿನ್ನುತ್ತಿದ್ದರು, ಯಾರ ಕಡೆ ಯಾರೂ ನೋಡದೆ, ಮದುವೆ ಮನೆಯ ಪಂಕ್ತಿಯಲ್ಲಿ ಪರಿಚಯವಿಲ್ಲದವರು ಕೂತಂತೆ.

ನನ್ನ ಕಸುಬಿನಲ್ಲಿ ಎರಡನ್ನು ಒಂದು ಮಾಡುವ ಎರಡು ವಿಧಗಳಿವೆ. ಬೆಸುಗೆಯಲ್ಲಿ ಎರಡೂ ಕಬ್ಬಿಣ ಕರಗಬೇಕು. ಕರಗಿ ಕೂಡಿದ ಮೇಲೆ ಯಾವುದು ಯಾವುದೆಂಬ ಗುರುತು ಉಳಿಯುವುದಿಲ್ಲ. ಇನ್ನೊಂದು ಬಿಜಾಗರಿ, ಬಾಗಿಲನ್ನು ಚೌಕಟ್ಟಿಗೆ ಕೂಡಿಸುವ ತುಂಡು. ಅಲ್ಲಿ ಬಾಗಿಲು ಬಾಗಿಲಾಗಿಯೇ ಇರುತ್ತದೆ, ಚೌಕಟ್ಟು ಚೌಕಟ್ಟಾಗಿಯೇ. ತನ್ನ ಪಾಡಿಗೆ ತಾನು ತಿರುಗಬಹುದು, ಬಿಟ್ಟುಹೋಗುವುದೂ ಇಲ್ಲ. ಜೀವಗಳನ್ನು ಕೂಡಿಸುವವರು ಬೆಸುಗೆಯ ಕಡೆಗೇ ಯಾಕೆ ಓಡುತ್ತಾರೋ ನನಗೆ ತಿಳಿಯದು. ಸ್ವಲ್ಪ ಕಿರುಗುಡುತ್ತದೆ, ನಿಜ. ಕಿರುಗುಡಲಿ. ಉದ್ಯಾನದ ಗೇಟಿಗೆ ಎಣ್ಣೆ ಹಾಕುವುದನ್ನು ನಾನು ನಿಲ್ಲಿಸಿದ್ದೇನೆ, ಈಗಲೂ ಎಡಗಡೆಯಿಂದಲೇ ಸುತ್ತುತ್ತೇನೆ. ಮೊನ್ನೆ ಆ ಪಿಂಚಣಿಯ ಹಿರಿಯರು ಎದುರಾಗಿ, ನಿಂತು, ಆ ನಿಮ್ಮ ನಾಲ್ಕನೆಯದು ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಅವರು ಅತ್ತ, ನಾನು ಇತ್ತ ನಡೆದೆವು.

ಕಂಬಳಿಯನ್ನು ಬಿಸಾಡಿಲ್ಲ. ಮುಂಜಾನೆಯ ಚಳಿಗೆ ಗೂಡಿನ ಮೇಲೆ ಹೊದಿಸುತ್ತೇವೆ. ಅಪ್ಪ ಅದನ್ನು ಬಳಸಿದ್ದೂ ಅದಕ್ಕೇ ಅಲ್ಲವೆ. ತಿಂಗಳು ತುಂಬಿದ ದಿನ ರೇಣುಕಾ ಮೇಡಂಗೆ ಫೋನು ಮಾಡಿದಳು, ತರಿಸಿಕೊಳ್ಳುವುದು ಬೇಡವೆಂದು ಹೇಳಲು. ಅವಳ ಮಾತು ಮುಗಿಯುವ ಮೊದಲೇ ನಾನು ಅಂಗಡಿಯಿಂದ ಬಂದು ಚಪ್ಪಲಿ ಬಿಟ್ಟೆ. ಯಾರೂ ತಲೆ ಎತ್ತಲಿಲ್ಲ. ಚೀಲ ಚರಪರ ಎಂದಿತು. ಮೂರು ಸಿಳ್ಳೆಗಳು ಒಟ್ಟಿಗೆ ಎದ್ದು, ಒಟ್ಟಿಗೆ ಮುಗಿದವು. ಅವು ಮುಗಿದ ಮೇಲೆ, ಎಲ್ಲರೂ ಹಾಡಿ ಕೂತ ಮೇಲೆ ಎದ್ದು ನಿಂತವರ ಹಾಗೆ, ಕೊನೆಯ ಪುಟ್ಟ ಮನೆಯ ಹಿಂಬಾಗಿಲಿನಿಂದ ನಾಲ್ಕನೆಯದು ಬಂತು. ಒಡಕು ದನಿ, ತಾಳಕ್ಕೆ ಸೇರದ್ದು, ಉಳಿದ ಮೂರಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ರೇಣುಕಾ ಮಾತು ನಿಲ್ಲಿಸಿ ಫೋನನ್ನು ಗೂಡಿನ ಕಡೆ ಹಿಡಿದಳು.

ಚೀಲದಲ್ಲಿ ಅಂದು ಕೊತ್ತಂಬರಿ ಇರಲಿಲ್ಲ, ಬರೀ ಬಿಜಾಗರಿಗಳಿದ್ದವು. ಚಪ್ಪಲಿ ಮೆಟ್ಟಿಕೊಂಡು ಮತ್ತೆ ಬಜಾರಿಗೆ ಹೋದೆ.